ಮನೆಯ ತಂತಿಗೆ ಎಷ್ಟು ಹೊರೆ?

ಹೊಳಲ್ಕೆರೆಯಲ್ಲಿ ಹಳೆಯದೊಂದು ಮನೆ ಇದೆ ಎಂದಿಟ್ಟುಕೊಳ್ಳಿ. ಬೆಳಗಿನ ಏಳು ಗಂಟೆ. ಸ್ನಾನದ ಮನೆಯಲ್ಲಿ ಗೀಸರ್ ಕಾಯುತ್ತಿದೆ. ಅಡುಗೆ ಮನೆಯ ಇಂಡಕ್ಷನ್ ಒಲೆಯ ಮೇಲೆ ಹಾಲಿದೆ. ಮಗಳು ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಾಳೆ. ಅಮ್ಮ ಚಟ್ನಿಗೆಂದು ಮಿಕ್ಸಿ ತಿರುಗಿಸುತ್ತಾರೆ. ಸ್ವಲ್ಪ ಹೊತ್ತಿಗೆ ‘ಟಪ್’ ಎಂಬ ಸದ್ದು; ಎಲ್ಲವೂ ಸ್ತಬ್ಧ.

‘ಕರೆಂಟ್ ಹೋಯ್ತೇನೇ?’

‘ಇಲ್ಲಮ್ಮ, ಪಕ್ಕದ್ಮನೇಲಿ ಐತೆ!’

ಅಪ್ಪ ಮೀಟರ್ ಬೋರ್ಡಿನ ಬಳಿ ಹೋಗಿ ಕೆಳಗೆ ಬಿದ್ದ ಗುಂಡಿಯನ್ನು ಮೇಲಕ್ಕೆ ತಳ್ಳುತ್ತಾರೆ. ಐದು ನಿಮಿಷಕ್ಕೆ ಅದು ಮತ್ತೆ ಬೀಳುತ್ತದೆ. ಇಂಥ ಸಮಯದಲ್ಲಿ ಬಿಟ್ಟಿ ಸಲಹೆ ಕೊಡುವವರು ಎಲ್ಲ ಊರಿನಲ್ಲೂ ಇರುತ್ತಾರೆ. ‘ಅದನ್ನು ತೆಗೆದು ದೊಡ್ಡದು ಹಾಕಿಸಿ ಸಾರ್, ಬೀಳೋದೇ ಇಲ್ಲ.’ ಬೀಳುವುದಿಲ್ಲ, ನಿಜ. ಆದರೆ ಅದರ ಬದಲು ಗೋಡೆಯೊಳಗಿನ ತಂತಿ ಸುಡಬಹುದು. ಹಾಗಾಗಬಾರದು ಎನ್ನುವವರು ಮನೆಯ ವಿದ್ಯುತ್ ಮಂಡಲದ ಲೆಕ್ಕವನ್ನು ತಿಳಿದಿರಬೇಕು. ಅದು ಹತ್ತನೆಯ ತರಗತಿಯ ವಿಜ್ಞಾನಕ್ಕಿಂತ ಕಷ್ಟದ್ದೇನಲ್ಲ.

ತೋಟದ ಪೈಪು, ಮನೆಯ ತಂತಿ

ಹೊಳಲ್ಕೆರೆ, ಹೊಸದುರ್ಗದ ಕಡೆಯ ಅಡಿಕೆ, ತೆಂಗಿನ ತೋಟಗಳಲ್ಲಿ ಹನಿ ನೀರಾವರಿಯನ್ನು ಎಲ್ಲರೂ ನೋಡಿದ್ದಾರೆ. ಕೊಳವೆ ಬಾವಿಯ ಪಂಪು ನೀರನ್ನು ಒತ್ತಡದಿಂದ ದೊಡ್ಡ ಪೈಪಿಗೆ ನೂಕುತ್ತದೆ. ಅದರಿಂದ ಸಣ್ಣ ಪೈಪುಗಳು ಸಾಲು ಸಾಲಾಗಿ ಕವಲೊಡೆಯುತ್ತವೆ. ಮನೆಯ ವಿದ್ಯುತ್ತಿನಲ್ಲಿ ಈ ಒತ್ತಡಕ್ಕೆ ಸಮನಾದದ್ದು ವೋಲ್ಟೇಜು, ಪಠ್ಯಪುಸ್ತಕದ ಭಾಷೆಯಲ್ಲಿ ವಿಭವಾಂತರ. ನಮ್ಮ ಮನೆಗಳಿಗೆ ಅದು 230 ವೋಲ್ಟ್. ಪೈಪಿನಲ್ಲಿ ಹರಿಯುವ ನೀರಿನ ಪ್ರಮಾಣಕ್ಕೆ ಸಮನಾದದ್ದು ವಿದ್ಯುತ್ ಪ್ರವಾಹ. ಅದನ್ನು ಆಂಪಿಯರಿನಲ್ಲಿ ಅಳೆಯುತ್ತೇವೆ. ಇವೆರಡನ್ನೂ ಗುಣಿಸಿದರೆ ಸಿಗುವುದೇ ವಾಟ್, ಅಂದರೆ ಉಪಕರಣದ ಸಾಮರ್ಥ್ಯ.

ಯಾವುದೇ ಉಪಕರಣದ ಹಿಂಬದಿಯ ಚೀಟಿಯಲ್ಲಿ ವಾಟ್ ಎಷ್ಟೆಂದು ಬರೆದಿರುತ್ತದೆ. ಅದನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ಪ್ರವಾಹ ಸುಮಾರಾಗಿ ಗೊತ್ತಾಗುತ್ತದೆ. ಸಾಮಾನ್ಯ ಉಪಕರಣಗಳ ಲೆಕ್ಕ ಹೀಗಿದೆ:

ಎಲ್‌ಇಡಿ ಬಲ್ಬು – 9 ವಾಟ್ – 0.04 ಆಂಪಿಯರ್
ಟಿ.ವಿ. – 60 ವಾಟ್ – 0.26 ಆಂಪಿಯರ್
ಹಳೆಯ ಮಾದರಿಯ ಸೀಲಿಂಗ್ ಫ್ಯಾನು – 75 ವಾಟ್ – 0.33 ಆಂಪಿಯರ್
ಮಿಕ್ಸಿ – 750 ವಾಟ್ – 3.3 ಆಂಪಿಯರ್
ಇಸ್ತ್ರಿ ಪೆಟ್ಟಿಗೆ – 1,000 ವಾಟ್ – 4.3 ಆಂಪಿಯರ್
ನೀರು ಕಾಯಿಸುವ ಕಾಯಿಲ್ – 1,500 ವಾಟ್ – 6.5 ಆಂಪಿಯರ್
ಗೀಸರ್ – 2,000 ವಾಟ್ – 8.7 ಆಂಪಿಯರ್
ಇಂಡಕ್ಷನ್ ಒಲೆ – 2,000 ವಾಟ್ – 8.7 ಆಂಪಿಯರ್

ಈ ಪಟ್ಟಿಯಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಬೆಳಕು ಕೊಡುವ, ಮಾತಾಡುವ, ಚಿತ್ರ ತೋರಿಸುವ ಯಂತ್ರಗಳ ಹಸಿವು ಬಹಳ ಕಡಿಮೆ. ಬಿಸಿ ಮಾಡುವ ಯಂತ್ರಗಳೇ ಹೊಟ್ಟೆಬಾಕಗಳು. ಒಂದು ಗೀಸರ್ ನುಂಗುವ ವಿದ್ಯುತ್ತಿನಲ್ಲಿ 9 ವಾಟಿನ 222 ಬಲ್ಬುಗಳನ್ನು ಉರಿಸಬಹುದು! ಹಗಲು ಹೊತ್ತು ಉರಿಯುವ ಒಂದು ದೀಪಕ್ಕಾಗಿ ಮಕ್ಕಳನ್ನು ಗದರುವ ಹಿರಿಯರು, ಅರ್ಧ ಗಂಟೆ ಹೆಚ್ಚಿಗೆ ಓಡಿದ ಗೀಸರ್ ಬಗ್ಗೆ ಸುಮ್ಮನಿರುವುದುಂಟು.

ಈಗ ಹೊಳಲ್ಕೆರೆಯ ಮನೆಯ ಲೆಕ್ಕ ನೋಡೋಣ. ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿ ಪೆಟ್ಟಿಗೆ, ಮಿಕ್ಸಿ ಎಲ್ಲ ಸೇರಿ 5,750 ವಾಟ್. 230ರಿಂದ ಭಾಗಿಸಿದರೆ 25 ಆಂಪಿಯರ್. ಇಡೀ ಮನೆಗೆ ಇರುವುದು 16 ಆಂಪಿಯರಿನ ಒಂದೇ ಎಂ.ಸಿ.ಬಿ. ಆದರೆ ಅದು ಬೀಳದೆ ಇನ್ನೇನು ಮಾಡೀತು?

ಕಂಬದಿಂದ ಪ್ಲಗ್ಗಿನವರೆಗೆ

ಬೀದಿಯ ಕಂಬದಿಂದ ಸಾಮಾನ್ಯವಾಗಿ ಮನೆಗೆ ಬರುವುದು ಎರಡು ತಂತಿ: ಒಂದು ಫೇಸು, ಇನ್ನೊಂದು ನ್ಯೂಟ್ರಲ್. ಅವು ಮೀಟರನ್ನು ಹಾಯ್ದು ಮೇನ್ ಸ್ವಿಚ್ಚಿಗೂ ಅಲ್ಲಿಂದ ಫ್ಯೂಸು ಅಥವಾ ಎಂ.ಸಿ.ಬಿ.ಗಳಿರುವ ಹಂಚಿಕೆ ಪೆಟ್ಟಿಗೆಗೂ ಬರುತ್ತವೆ. ಅಲ್ಲಿಂದ ಮುಂದೆ ಮನೆಯ ವಿದ್ಯುತ್ತು ಹಲವು ಕವಲುಗಳಾಗಿ ಒಡೆಯುತ್ತದೆ. ಮೂರನೆಯ ಹಸಿರು ತಂತಿ ಕಂಬದಿಂದ ಬಂದುದಲ್ಲ, ಮನೆಯಂಗಳದ ನೆಲದಿಂದ ಬಂದುದು. ಅದರ ವಿಚಾರ ಮುಂದೆ ಬರುತ್ತದೆ.

ಮನೆಯಲ್ಲಿ ಎಲ್ಲ ಉಪಕರಣಗಳನ್ನೂ ಸಮಾಂತರವಾಗಿ ಜೋಡಿಸಿರುತ್ತಾರೆ. ಸರಣಿಯಲ್ಲಿ ಜೋಡಿಸಿದರೆ ಏನಾಗುತ್ತದೆ ಎಂದು ತಿಳಿಯಲು ಗಣೇಶನ ಪೆಂಡಾಲಿನ ಹಳೆಯ ಸೀರಿಯಲ್ ಸೆಟ್ ನೆನಪಿಸಿಕೊಳ್ಳಿ. 20 ಪುಟ್ಟ ಬಲ್ಬುಗಳು ಒಂದೇ ದಾರದಲ್ಲಿ ಪೋಣಿಸಿದ ಹೂವಿನಂತಿದ್ದರೆ ಪ್ರತಿಯೊಂದಕ್ಕೂ ಸಿಗುವುದು 11.5 ವೋಲ್ಟ್ ಮಾತ್ರ. ಒಂದು ಸುಟ್ಟರೆ ಇಡೀ ಸಾಲು ಕತ್ತಲೆ. ಮನೆಯೂ ಹೀಗೇ ಇದ್ದಿದ್ದರೆ ದೇವರ ಮನೆಯ ದೀಪ ಆರಿಸಿದೊಡನೆ ಫ್ರಿಜ್ಜೂ ನಿಲ್ಲುತ್ತಿತ್ತು. ಸಮಾಂತರ ಜೋಡಣೆಯಲ್ಲಿ ಪ್ರತಿ ಉಪಕರಣಕ್ಕೂ ಪೂರ್ತಿ 230 ವೋಲ್ಟ್ ದೊರೆಯುತ್ತದೆ. ಒಂದನ್ನು ಆರಿಸಿದರೆ ಇನ್ನೊಂದಕ್ಕೆ ತೊಂದರೆಯಿಲ್ಲ.

ಆದರೆ ಈ ಅನುಕೂಲದಲ್ಲೇ ಒಂದು ಅಪಾಯವೂ ಇದೆ. ಹೊಸದಾಗಿ ಸೇರಿಸಿದ ಪ್ರತಿಯೊಂದು ಉಪಕರಣವೂ ತನ್ನ ಪಾಲಿನ ಪ್ರವಾಹವನ್ನು ಎಳೆಯುತ್ತದೆ. ಅದೆಲ್ಲವೂ ಹಿಂದಿನ ಒಂದೇ ತಂತಿಯಲ್ಲಿ ಹರಿದು ಬರಬೇಕು. ತಂತಿ ಬಿಸಿಯಾಗುವ ಪ್ರಮಾಣ ಪ್ರವಾಹದ ವರ್ಗವನ್ನು ಅವಲಂಬಿಸಿದೆ. ಅಂದರೆ ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಮೂರು ಪಟ್ಟಾದರೆ ಶಾಖ ಒಂಬತ್ತು ಪಟ್ಟು. ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಮೊದಲು ಗಟ್ಟಿಯಾಗಿ, ಆಮೇಲೆ ಬಿರುಕು ಬಿಟ್ಟು, ಕೊನೆಗೊಂದು ದಿನ ಶಾರ್ಟ್ ಸರ್ಕ್ಯೂಟ್ ಆಗುವುದು ಹೀಗೆಯೇ.

ಆದ್ದರಿಂದಲೇ ಕೆಲಸ ಬಲ್ಲ ವೈರಿಂಗ್‌ನವರು ಕವಲುಗಳನ್ನು ಬೇರೆ ಬೇರೆ ಮಾಡುತ್ತಾರೆ. ದೀಪ, ಫ್ಯಾನು, 5 ಆಂಪಿಯರಿನ ಸಣ್ಣ ಪ್ಲಗ್ಗುಗಳು ಸೇರಿ ಒಂದು ಕವಲಿನಲ್ಲಿ 10 ಪಾಯಿಂಟು ಅಥವಾ 800 ವಾಟ್ ಮೀರಬಾರದು ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಂದ ನಿಯಮ. 15 ಆಂಪಿಯರಿನ ದೊಡ್ಡ ಪ್ಲಗ್ಗುಗಳ ಕವಲಿನಲ್ಲಿ ಎರಡಕ್ಕಿಂತ ಹೆಚ್ಚು ಪಾಯಿಂಟು ಇರಬಾರದು, ಹೊರೆ 3,000 ವಾಟ್ ದಾಟಬಾರದು. ದೀಪದ ಕವಲಿಗೆ ಸಾಮಾನ್ಯವಾಗಿ 1.5 ಚದರ ಮಿಲಿಮೀಟರ್ ತಂತಿ ಬಳಸಿದರೆ, ದೊಡ್ಡ ಪ್ಲಗ್ಗಿಗೆ 2.5 ಅಥವಾ 4 ಚದರ ಮಿಲಿಮೀಟರ್ ತಂತಿ ಬೇಕು.

ಕಾಯಿಲನ್ನು ಸಣ್ಣ ಪ್ಲಗ್ಗಿಗೆ ಸಿಕ್ಕಿಸಬಾರದು ಎನ್ನುವುದರ ಗುಟ್ಟು ಈಗ ತಿಳಿಯಿತಲ್ಲ? ಪ್ಲಗ್ಗಿನ ಶಕ್ತಿ 5 ಆಂಪಿಯರ್, ಕಾಯಿಲ್ ಕೇಳುವುದು 6.5. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಇಸ್ತ್ರಿ ಪೆಟ್ಟಿಗೆ, ಮಿಕ್ಸಿ ಎರಡನ್ನೂ ಹಾಕಿದರೂ ಇದೇ ಕಥೆ. ಪ್ಲಗ್ಗಿನ ತೂತಿನ ಸುತ್ತ ಕಂದು ಕಲೆ, ಸುಟ್ಟ ಪ್ಲಾಸ್ಟಿಕ್ ವಾಸನೆ, ಮುಟ್ಟಿದರೆ ಬೆಚ್ಚಗಿರುವ ಸ್ವಿಚ್ ಬೋರ್ಡು ಕಂಡರೆ ಅದು ಅತಿಹೊರೆಯ ಮುನ್ಸೂಚನೆ.

ಕಾವಲುಗಾರನ ಕಣ್ಣು ಕಟ್ಟಬೇಡಿ

ಫ್ಯೂಸಿನ ತಂತಿ ಬೇಕೆಂದೇ ಬಡಪಾಯಿ. ಹೊರೆ ಹೆಚ್ಚಾದಾಗ ತಾನು ಮೊದಲು ಕರಗಿ ಗೋಡೆಯೊಳಗಿನ ತಂತಿಯನ್ನು ಉಳಿಸುವುದೇ ಅದರ ಕೆಲಸ. ಎಂ.ಸಿ.ಬಿ. ಅದೇ ಕೆಲಸವನ್ನು ಕರಗದೆ, ಬಿದ್ದು ಮಾಡುತ್ತದೆ. ‘ಪದೇ ಪದೇ ಹೋಗುತ್ತದೆ’ ಎಂದು ಕಿಟ್‌ಕ್ಯಾಟ್ ಫ್ಯೂಸಿಗೆ ವೈರಿನ ನಾಲ್ಕು ತಾಮ್ರದೆಳೆ ಸುತ್ತುವುದು, 6 ಆಂಪಿಯರಿನ ಎಂ.ಸಿ.ಬಿ. ಇದ್ದ ಕಡೆ 32ರದ್ದನ್ನು ಕೂರಿಸುವುದು, ಇವೆಲ್ಲ ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ನಮ್ಮ ಜಿಲ್ಲೆಯ ಹಳೆಯ ಮಾಳಿಗೆ ಮನೆಗಳಲ್ಲಿ ಮರದ ತೊಲೆ, ಜಂತೆಗಳ ಮೇಲೆ ಪಟ್ಟಿ ಹೊಡೆದು ತಂತಿ ಎಳೆದಿರುವುದನ್ನು ಕಾಣುತ್ತೇವೆ. ಆ ವೈರಿಂಗ್ ಎರಡು ಬಲ್ಬು, ಒಂದು ರೇಡಿಯೊ ಇದ್ದ ಕಾಲದ್ದು. ಅಲ್ಲಿ ಗೀಸರ್ ಇಡುವ ಮುಂಚೆ ಮೀಟರಿನಿಂದಲೇ ಒಂದು ಪ್ರತ್ಯೇಕ ತಂತಿ, ಅದಕ್ಕೊಂದು ಪ್ರತ್ಯೇಕ ಎಂ.ಸಿ.ಬಿ. ಹಾಕಿಸುವ ಖರ್ಚನ್ನು ಗೀಸರಿನ ಬೆಲೆಯಲ್ಲೇ ಸೇರಿಸಿಕೊಳ್ಳಬೇಕು.

ಇನ್ನೊಂದು ಸೂಕ್ಷ್ಮವಿದೆ. ಸ್ವಿಚ್ಚು ಯಾವಾಗಲೂ ಫೇಸಿನ ತಂತಿಯಲ್ಲೇ ಇರಬೇಕು. ತಪ್ಪಿ ನ್ಯೂಟ್ರಲ್‌ನಲ್ಲಿ ಇದ್ದರೂ ದೀಪ ಆರುತ್ತದೆ, ಹತ್ತುತ್ತದೆ. ಆದರೆ ಆರಿದಾಗಲೂ ಹೋಲ್ಡರಿನಲ್ಲಿ 230 ವೋಲ್ಟ್ ಹಾಗೆಯೇ ಕುಳಿತಿರುತ್ತದೆ. ಆರಿಸಿದ ಮೇಲೂ ಎಲ್‌ಇಡಿ ಬಲ್ಬು ರಾತ್ರಿಯೆಲ್ಲ ಮಿಣುಕುತ್ತಿದ್ದರೆ ಈ ತಪ್ಪು ಒಂದು ಕಾರಣವಿರಬಹುದು. ಬಲ್ಲವರನ್ನು ಕರೆದು ಟೆಸ್ಟರಿನಲ್ಲಿ ನೋಡಿಸಿ.

ಒಣ ನೆಲದ ತೊಂದರೆ

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನು ಅರ್ಥಿಂಗ್, ಅಂದರೆ ಭೂಸಂಪರ್ಕದ್ದು. ಗೀಸರಿನ ಒಳಗೆ ಫೇಸಿನ ತಂತಿ ಸಡಿಲಾಗಿ ಲೋಹದ ಮೈಗೆ ತಾಗಿದರೆ ಆ ಪ್ರವಾಹ ನಮ್ಮ ಮೈಮೂಲಕ ಹರಿಯದೆ ಸುಲಭದ ದಾರಿಯಲ್ಲಿ ನೆಲಕ್ಕೆ ಹೋಗಲಿ ಎಂಬುದು ಇದರ ಉದ್ದೇಶ.

ಇಲ್ಲಿ ಚಿತ್ರದುರ್ಗ ಸೀಮೆಯವರು ವಿಶೇಷ ಎಚ್ಚರ ವಹಿಸಬೇಕು. ನೆಲ ತೇವವಿದ್ದಷ್ಟೂ ವಿದ್ಯುತ್ತನ್ನು ಚೆನ್ನಾಗಿ ಹೀರುತ್ತದೆ. ನಮ್ಮದು ಮಳೆ ಕಡಿಮೆಯ, ಕಲ್ಲು ಹೆಚ್ಚಿರುವ ನೆಲ. ಬೇಸಿಗೆಯಲ್ಲಿ ಹಿರಿಯೂರಿನ ಬಯಲಾಗಲಿ, ದುರ್ಗದ ಬಂಡೆಗಳ ಬುಡವಾಗಲಿ ಒಣಗಿ ಬಿರಿದಿರುತ್ತದೆ. ಭೂಸಂಪರ್ಕದ ದಾರಿಯ ಒಟ್ಟು ರೋಧ 20 ಓಂ ಆಗಿದೆ ಎಂದುಕೊಳ್ಳಿ. ಗೀಸರಿನ ಮೈಗೆ ಫೇಸು ತಾಗಿದರೆ ನೆಲಕ್ಕೆ ಹರಿಯುವ ಪ್ರವಾಹ 230 ಭಾಗಿಸು 20, ಅಂದರೆ 11.5 ಆಂಪಿಯರ್. ಗೀಸರಿಗೆ ಹಾಕಿದ 16 ಆಂಪಿಯರಿನ ಎಂ.ಸಿ.ಬಿ. ಇದನ್ನು ಸಾಮಾನ್ಯ ಹೊರೆಯೆಂದೇ ಭಾವಿಸಿ ಸುಮ್ಮನಿರುತ್ತದೆ! ಅರ್ಥಿಂಗ್ ಇದ್ದೂ ಗೀಸರಿನ ಮೈ ಅಪಾಯಕಾರಿಯಾಗಿಯೇ ಉಳಿಯುತ್ತದೆ. ಸ್ನಾನಕ್ಕೆ ಹೋದವರು ಒದ್ದೆ ಕೈಯಲ್ಲಿ ನಲ್ಲಿ ಮುಟ್ಟುತ್ತಾರೆ.

ಒದ್ದೆಯಾದ ಮೈಯ ರೋಧ 1,000 ಓಂ ಆಸುಪಾಸಿಗೆ ಇಳಿಯಬಲ್ಲದು. ಆಗ ಮೈಯಲ್ಲಿ ಹರಿಯಬಹುದಾದ ಪ್ರವಾಹ 0.23 ಆಂಪಿಯರ್, ಅಂದರೆ 230 ಮಿಲಿ ಆಂಪಿಯರ್. ಹೃದಯದ ಬಡಿತ ತಾಳ ತಪ್ಪಲು 50ರಿಂದ 100 ಮಿಲಿ ಆಂಪಿಯರ್ ಸಾಕು. ಒಂದು ಪುಟ್ಟ ಎಲ್‌ಇಡಿ ಬಲ್ಬು ಎಳೆಯುವಷ್ಟು ಪ್ರವಾಹವೇ ಮನುಷ್ಯನ ಜೀವಕ್ಕೆ ಸಾಕಾದೀತು ಎಂಬುದನ್ನು ಮರೆಯಬಾರದು.

ಪರಿಹಾರ ಎರಡು. ಮೊದಲನೆಯದು, ಅಂಗಳದ ಅರ್ಥಿಂಗ್ ಗುಂಡಿಯಲ್ಲಿ ಇದ್ದಿಲು, ಉಪ್ಪು ತುಂಬಿಸಿ ಬೇಸಿಗೆಯಲ್ಲಿ ಆಗಾಗ ಎರಡು ಕೊಡ ನೀರು ಹೊಯ್ಯುವುದು; ವರ್ಷಕ್ಕೊಮ್ಮೆ ಅದರ ರೋಧವನ್ನು ಅಳತೆ ಮಾಡಿಸುವುದು. ಎರಡನೆಯದು ಆರ್.ಸಿ.ಸಿ.ಬಿ. ಎಂಬ ಸಾಧನ. ಫೇಸಿನಲ್ಲಿ ಹೋದ ಪ್ರವಾಹವೆಲ್ಲ ನ್ಯೂಟ್ರಲ್‌ನಲ್ಲಿ ಹಿಂತಿರುಗಿತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರಿನಷ್ಟು ಸೋರಿಕೆ ಕಂಡರೂ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಎಂ.ಸಿ.ಬಿ. ತಂತಿಯನ್ನು ಕಾಯುತ್ತದೆ, ಆರ್.ಸಿ.ಸಿ.ಬಿ. ಮನುಷ್ಯರನ್ನು ಕಾಯುತ್ತದೆ. ಮನೆಗೆ ಎರಡೂ ಬೇಕು. ಅದರ ಮೇಲಿರುವ ‘ಟೆಸ್ಟ್’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳುತ್ತದೆಯೇ ಎಂದು ನೋಡುವ ಕೆಲಸವನ್ನು ಮನೆಯ ದೊಡ್ಡ ಮಕ್ಕಳಿಗೆ ವಹಿಸಬಹುದು.

ಗಾಳಿಯಂತ್ರ ನಮ್ಮೂರಲ್ಲೇ ಇದ್ದರೂ...

ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡಸಾಲಿನ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿ ‘ಕರೆಂಟು ಇಲ್ಲೇ ಹುಟ್ಟುತ್ತದೆ, ನಮ್ಮ ದೀಪ ಮಾತ್ರ ಏಕೆ ಮಂಕು?’ ಎಂದು ಕೇಳುವವರಿದ್ದಾರೆ. ಗಾಳಿಯಂತ್ರದ ವಿದ್ಯುತ್ತು ನೇರವಾಗಿ ಯಾರ ಮನೆಗೂ ಬರುವುದಿಲ್ಲ. ಅದು ಹೆಚ್ಚಿನ ವೋಲ್ಟೇಜಿಗೆ ಏರಿ ರಾಜ್ಯದ ಜಾಲಕ್ಕೆ ಸೇರುತ್ತದೆ. ದೂರಕ್ಕೆ ಸಾಗಿಸುವಾಗ ವೋಲ್ಟೇಜು ಹೆಚ್ಚಿದ್ದಷ್ಟೂ ಪ್ರವಾಹ ಕಡಿಮೆ ಸಾಕು, ತಂತಿಯಲ್ಲಿ ಶಾಖವಾಗಿ ಪೋಲಾಗುವುದೂ ಕಡಿಮೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಲು ಸಾಧ್ಯವಾದದ್ದೂ ಇದೇ ತತ್ವದಿಂದ.

ಮಂಕು ದೀಪದ ಕಾರಣ ಇರುವುದು ಹೆಚ್ಚಾಗಿ ಕೊನೆಯ ಹಾದಿಯಲ್ಲಿ, ಅಂದರೆ ಊರ ಟಿ.ಸಿ.ಯಿಂದ ಮನೆಯವರೆಗೆ. ಟಿ.ಸಿ. 11,000 ವೋಲ್ಟನ್ನು ಇಳಿಸಿ ಬೀದಿಗೆ ಹಂಚುತ್ತದೆ. ಅಲ್ಲಿಂದ ಮನೆಯವರೆಗಿನ ತಂತಿಯ ರೋಧ 1 ಓಂ ಇದ್ದು, 20 ಆಂಪಿಯರ್ ಹರಿದರೆ ದಾರಿಯಲ್ಲೇ 20 ವೋಲ್ಟ್ ಕಳೆದುಹೋಗುತ್ತದೆ. ಹನಿ ನೀರಾವರಿಯಲ್ಲಿ ಎಲ್ಲ ವಾಲ್ವುಗಳನ್ನೂ ಒಮ್ಮೆಗೇ ತೆರೆದರೆ ಕೊನೆಯ ಸಾಲಿನ ಗಿಡಕ್ಕೆ ನೀರು ಮುಟ್ಟುವುದಿಲ್ಲವಲ್ಲ, ಹಾಗೆ.

63 ಕೆ.ವಿ.ಎ. ಟಿ.ಸಿ. ಒಂದು ಹೊರಬಲ್ಲದ್ದು ಹೆಚ್ಚೆಂದರೆ 2,000 ವಾಟಿನ 31 ಗೀಸರುಗಳನ್ನು. ಬೀದಿಯ ಎಲ್ಲರೂ ಬೆಳಿಗ್ಗೆ ಆರೂವರೆಗೇ ನೀರು ಕಾಯಿಸಿದರೆ ಟಿ.ಸಿ. ಸುಡದೆ ಉಳಿಯುವುದು ಕಷ್ಟ. 180 ವೋಲ್ಟಿಗೆ ಇಳಿದಾಗ 2,000 ವಾಟಿನ ಗೀಸರ್ ಕೊಡುವುದು ಬರೀ 1,225 ವಾಟಿನಷ್ಟು ಶಾಖ. ನೀರು ಕಾಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೆ. ಆದರೆ ಫ್ರಿಜ್ಜು, ಪಂಪಿನ ಮೋಟಾರುಗಳು ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ಪ್ರವಾಹ ಎಳೆದು ಬಿಸಿಯಾಗಿ ಸುಟ್ಟುಹೋಗುತ್ತವೆ. ಹಳ್ಳಿಗಳ ಮನೆಯ ಮಾರ್ಗವನ್ನು ಪಂಪ್‌ಸೆಟ್ಟಿನ ಮಾರ್ಗದಿಂದ ಬೇರ್ಪಡಿಸಿದ ‘ನಿರಂತರ ಜ್ಯೋತಿ’ ಯೋಜನೆಯ ಹಿಂದೆ ಇದ್ದುದೂ ಈ ಹೊರೆಯ ಲೆಕ್ಕವೇ.

ಒಂದು ಎಚ್ಚರಿಕೆ: ಕೆಲವು ದೀಪಗಳು ಇದ್ದಕ್ಕಿದ್ದಂತೆ ಕಣ್ಣು ಕೋರೈಸುವಂತೆ ಉರಿದು, ಪಕ್ಕದ ಮನೆಯಲ್ಲಿ ಮಂಕಾದರೆ ಬೀದಿಯ ನ್ಯೂಟ್ರಲ್ ತಂತಿ ಕಡಿದಿರಬಹುದು. ಆಗ ಎರಡು ಫೇಸಿನ ಮನೆಗಳು ಸರಣಿಯಲ್ಲಿ ಸಿಕ್ಕಿಬಿದ್ದು 400 ವೋಲ್ಟನ್ನು ಅಸಮವಾಗಿ ಹಂಚಿಕೊಳ್ಳುತ್ತವೆ. ಹೊರೆ ಕಡಿಮೆ ಇರುವ ಮನೆಯ ಟಿ.ವಿ., ಫ್ರಿಜ್ಜು ಸುಡುತ್ತವೆ. ಕೂಡಲೇ ಮೇನ್ ಆರಿಸಿ, ಬೆಸ್ಕಾಂನ 1912ಕ್ಕೆ ಕರೆ ಮಾಡಬೇಕು.

200 ಯೂನಿಟ್ಟಿನ ಗೆರೆ

1,000 ವಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ಸಾಧಾರಣ ಮನೆಯೊಂದರ 30 ದಿನಗಳ ಲೆಕ್ಕ ಹಾಕೋಣ. ಆರು ಎಲ್‌ಇಡಿ ದೀಪ ದಿನಕ್ಕೆ 5 ಗಂಟೆ – 8 ಯೂನಿಟ್. ಮೂರು ಹಳೆಯ ಫ್ಯಾನು 8 ಗಂಟೆ – 54. ಟಿ.ವಿ. 4 ಗಂಟೆ – 7. ಫ್ರಿಜ್ಜು ದಿನಕ್ಕೆ ಒಂದರಂತೆ – 30. ಮಿಕ್ಸಿ ಕಾಲು ಗಂಟೆ – 6. ಇಸ್ತ್ರಿ 20 ನಿಮಿಷ – 10. ಗೀಸರ್ ಒಂದು ಗಂಟೆ – 60. ನೀರಿನ ಮೋಟಾರು ಅರ್ಧ ಗಂಟೆ – 15. ಒಟ್ಟು 190.

2023ರಲ್ಲಿ ಜಾರಿಗೆ ಬಂದ ‘ಗೃಹಜ್ಯೋತಿ’ ಯೋಜನೆಯಲ್ಲಿ 200 ಯೂನಿಟ್ಟಿನ ಗೆರೆಯನ್ನು ಎಲ್ಲರೂ ಬಲ್ಲರು. ಆದರೆ ಪ್ರತಿ ಮನೆಗೂ 200 ಉಚಿತವೆಂದು ಅದರ ಅರ್ಥವಲ್ಲ. 2022-23ನೇ ಸಾಲಿನ ತಿಂಗಳ ಸರಾಸರಿ ಬಳಕೆ, ಅದಕ್ಕೆ ಶೇ. 10 ಸೇರಿಸಿದಷ್ಟು ಉಚಿತ ಎಂದು ಯೋಜನೆ ಆರಂಭದಲ್ಲೇ ಗೊತ್ತುಮಾಡಲಾಯಿತು. ಅದಕ್ಕಿಂತ ಹೆಚ್ಚಾಗಿ, 200ರೊಳಗೆ ಬಳಸಿದರೆ ಹೆಚ್ಚಿನದಕ್ಕಷ್ಟೇ ಹಣ. 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು.

ನಮ್ಮ 190ರ ಮನೆಗೆ ಇಂಡಕ್ಷನ್ ಒಲೆ ಬಂದು ದಿನಕ್ಕೆ ಅರ್ಧ ಗಂಟೆ ಪೂರ್ಣ ಶಕ್ತಿಯಲ್ಲಿ ಉರಿದರೆ ಇನ್ನೂ 30 ಯೂನಿಟ್ ಸೇರಿ 220 ಆಗುತ್ತದೆ. ಒಲೆ ಬಿಡಬೇಕೆಂದಿಲ್ಲ. ಮೂರು ಹಳೆಯ ಫ್ಯಾನುಗಳ ಬದಲು 30 ವಾಟಿನ ಬಿ.ಎಲ್.ಡಿ.ಸಿ. ಫ್ಯಾನು ಹಾಕಿದರೆ 54ರ ಜಾಗದಲ್ಲಿ 22 ಯೂನಿಟ್ ಸಾಕು. ಒಟ್ಟು ಮತ್ತೆ 188ಕ್ಕೆ ಇಳಿಯುತ್ತದೆ. ಬಿಸಿಲು ಧಾರಾಳವಾಗಿರುವ ನಮ್ಮ ಜಿಲ್ಲೆಯಲ್ಲಿ ಸೌರ ಹೀಟರ್ ಹಾಕಿಸಿದವರಿಗೆ ಗೀಸರಿನ 60ರಲ್ಲಿ ಬಹುಪಾಲು ಉಳಿಯುತ್ತದೆ.

ಮಕ್ಕಳಿಗೊಂದು ಪ್ರಯೋಗ

ಯಾವ ತಂತಿಯನ್ನೂ ಮುಟ್ಟದೆ ಮಾಡಬಹುದಾದ ಪ್ರಯೋಗವಿದು. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಕೆಂಪು ದೀಪವೊಂದು ಮಿನುಗುತ್ತಿರುತ್ತದೆ. ಯೂನಿಟ್ಟಿಗೆ ಎಷ್ಟು ಮಿನುಗು ಎಂಬ ಸಂಖ್ಯೆ ಅದರ ಮೇಲೇ ಅಚ್ಚಾಗಿರುತ್ತದೆ. ಅದು 3,200 ಎಂದಿದ್ದರೆ, ಮನೆಯ ಉಳಿದೆಲ್ಲವನ್ನೂ ಆರಿಸಿ ಗೀಸರ್ ಮಾತ್ರ ಹಾಕಿಸಿ, ಒಂದು ನಿಮಿಷದ ಮಿನುಗುಗಳನ್ನು ಎಣಿಸಿ. 2,000 ವಾಟಿಗೆ ಗಂಟೆಗೆ 6,400, ಅಂದರೆ ನಿಮಿಷಕ್ಕೆ ಸುಮಾರು 107 ಬರಬೇಕು. ಕಡಿಮೆ ಬಂದರೆ ಆ ಹೊತ್ತಿನಲ್ಲಿ ವೋಲ್ಟೇಜು ಇಳಿದಿರಬಹುದು. ಎಲ್ಲವನ್ನೂ ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಅಥವಾ ಯಾವುದೋ ಉಪಕರಣ ಇನ್ನೂ ನಡೆಯುತ್ತಿದೆ ಎಂದು ತಿಳಿಯಬಹುದು. ಪ್ರತಿ ಉಪಕರಣದ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದರೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಳ್ಳೆಯ ಯೋಜನೆಯೂ ಆಯಿತು.

ಹೆತ್ತವರು ನೆನಪಿಡಬೇಕಾದ್ದು ಇಷ್ಟು. ಕಾಯಿಲ್ ಹಾಕಿದ ಬಕೆಟ್ಟಿನ ನೀರು ಕಾಯಿತೇ ಎಂದು ಬೆರಳದ್ದಿ ನೋಡುವ ಮುಂಚೆ ಸ್ವಿಚ್ ಆರಿಸಿ ಪ್ಲಗ್ ಕಿತ್ತಿರಬೇಕು. ಮೂರು ಪಿನ್ನಿನ ಉಪಕರಣವನ್ನು ಎರಡು ತೂತಿನ ಪ್ಲಗ್ಗಿಗೆ ಒಗ್ಗಿಸುವ ಅಡಾಪ್ಟರ್ ಬೇಡ; ಅದು ಅರ್ಥಿಂಗನ್ನೇ ಕಡಿದುಹಾಕುತ್ತದೆ. ಯಾರಿಗಾದರೂ ಶಾಕ್ ಹೊಡೆದಾಗ ಓಡಿಹೋಗಿ ಹಿಡಿಯಬಾರದು. ಮೊದಲು ಮೇನ್ ಆರಿಸಿ; ಆಗದಿದ್ದರೆ ಒಣ ಕೋಲಿನಿಂದ ಬಿಡಿಸಿ; 108ಕ್ಕೆ ಕರೆ ಮಾಡಿ. ಮೇನ್ ಸ್ವಿಚ್ ಎಲ್ಲಿದೆ, ಅದನ್ನು ಆರಿಸುವುದು ಹೇಗೆ ಎಂಬುದು ಅಜ್ಜಿಯಿಂದ ಹಿಡಿದು ಮೂರನೆಯ ತರಗತಿಯ ಮಗುವಿನವರೆಗೆ ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಇಂದು ಸಂಜೆಯೇ ಎಲ್ಲರನ್ನೂ ಮೀಟರ್ ಬೋರ್ಡಿನ ಮುಂದೆ ನಿಲ್ಲಿಸಿ ಒಮ್ಮೆ ತೋರಿಸಿಕೊಡಿ.